ಲರ್ಚರ್, ಟೆರಿಯರ್, ಫೆರೆಟ್: ಒಬ್ಬಳೇ ಹೊಲಕ್ಕಿಳಿಯುವವಳಿಗೆ ಯಾವುದು ತಕ್ಕುದು?

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮನೆ ಮಾಡಿ, ಹಿತ್ತಿಲಲ್ಲಿ ಕೋಳಿ ಸಾಕಿಕೊಂಡೋ ಕುದುರೆಗೆಂದು ಒಂದು ತುಂಡು ಹುಲ್ಲುಗಾವಲನ್ನು ಗೇಣಿಗೆ ಹಿಡಿದೋ ಇರುವ ಕನ್ನಡದ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆ ಇದು: ಮೊಲ ಮತ್ತು ಇಲಿಗಳ ಕಾಟ ತಡೆಯಲು ಕೆಲಸ ಮಾಡುವ ಪ್ರಾಣಿಯೊಂದನ್ನು ಸಾಕುವುದಾದರೆ ಲರ್ಚರ್ ಎಂಬ ಓಟದ ಬೆರಕೆ ನಾಯಿಯನ್ನು ತರಬೇಕೆ, ಟೆರಿಯರ್ ಎಂಬ ಪುಟ್ಟ ಬೇಟೆನಾಯಿಯನ್ನು ತರಬೇಕೆ, ಅಥವಾ ಬಿಲಕ್ಕೆ ನುಗ್ಗುವ, ಮುಂಗುಸಿಯಂಥ ಫೆರೆಟ್‌ಗಳ ಜೋಡಿಯನ್ನು ತರಬೇಕೆ? ಕೇಳುವವರಲ್ಲಿ ಹೆಚ್ಚಿನವರ ಮನಸ್ಸು ಆಗಲೇ ಲರ್ಚರ್ ಕಡೆಗೆ ವಾಲಿರುತ್ತದೆ. ನೀಳ ಕಾಲಿನ, ಸೌಮ್ಯ ಕಣ್ಣಿನ ಆ ನಾಯಿಯನ್ನು ನೋಡಿದವರಿಗೆ ಹಾಗಾಗುವುದು ಸಹಜ. ಆದರೆ ಮನೆಯೊಳಗೆ ಅತ್ಯಂತ ಸುಲಭವೆನಿಸುವ ಲರ್ಚರ್ ಹೊಲದಲ್ಲಿ ಅತ್ಯಂತ ಕಷ್ಟದ್ದು. ಟೆರಿಯರ್ ಹೊರಗೆ ಸುಲಭ, ಮನೆಯೊಳಗೆ ಕಷ್ಟ. ಫೆರೆಟ್ ಎರಡೂ ಕಡೆ ಸುಲಭವೆನಿಸಿದರೂ ಅದರ ದೇಹಧರ್ಮವನ್ನು ಅರಿಯದೆ ಸಾಕಿದವರ ಕೈಯಲ್ಲಿ ಬದುಕುವುದಿಲ್ಲ. ಈ ಮಾತನ್ನು ಬಿಡಿಸಿ ಹೇಳುವ ಮುನ್ನ ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳೋಣ.

ಅಳತೆಗೋಲುಗಳು

ಮೊದಲನೆಯದು ನೆಲ. ಬೇಲಿಯ ಬುಡದಲ್ಲಿ ಬಿಲ ತೋಡಿಕೊಂಡಿರುವ ಮೊಲಗಳ ಸಮಸ್ಯೆ ಬೇರೆ, ರಾತ್ರಿ ಬಯಲಿಗೆ ಬಂದು ಪೈರು ಮೇಯುವ ಮೊಲಗಳದು ಬೇರೆ, ಕೋಳಿಗೂಡಿನ ಹಲಗೆಯಡಿ ಸೇರಿಕೊಂಡ ಇಲಿಗಳದು ಮತ್ತೂ ಬೇರೆ. ಬ್ರಿಟನ್ನಿಗೆ 1953ರಲ್ಲಿ ಕಾಲಿಟ್ಟ ಮಿಕ್ಸೊಮ್ಯಾಟೋಸಿಸ್ ಎಂಬ ಮೊಲಗಳ ಸೋಂಕುರೋಗ ಮತ್ತು 1990ರ ದಶಕದಿಂದ ಹರಡಿದ ರಕ್ತಸ್ರಾವದ ರೋಗ, ಇವೆರಡರ ಹೊಡೆತದಿಂದ ಅನೇಕ ಊರುಗಳಲ್ಲಿ ಮೊಲಗಳೇ ವಿರಳವಾಗಿವೆ. ಹೊಸ ಮಣ್ಣು, ಹಿಕ್ಕೆ, ಕಡಿದ ಹುಲ್ಲು ಇವುಗಳನ್ನು ಕಣ್ಣಾರೆ ಕಾಣದೆ ಮೊಲಕ್ಕೆಂದು ಪ್ರಾಣಿ ತರುವುದು ಬೇಡ. ಇಲಿಗಳ ಬಗ್ಗೆ ಅಂಥ ಅನುಮಾನವೇನೂ ಬೇಕಿಲ್ಲ.

ಎರಡನೆಯದು ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಾಯಿಗಳನ್ನು ಬಿಟ್ಟು ಕಾಡು ಸಸ್ತನಿಗಳನ್ನು ಬೇಟೆಯಾಡುವುದನ್ನು 2004ರ ಹಂಟಿಂಗ್ ಆ್ಯಕ್ಟ್ ನಿಷೇಧಿಸುತ್ತದೆ. ಇಲಿ ಮತ್ತು ರ‍್ಯಾಬಿಟ್‌ಗಳಿಗೆ ಅದರಲ್ಲಿ ವಿನಾಯಿತಿ ಇದೆ, ಆದರೆ ನೆಲ ನಮ್ಮದಾಗಿರಬೇಕು ಇಲ್ಲವೇ ನೆಲದವರ ಒಪ್ಪಿಗೆ ಇರಬೇಕು. ಬಿಲ ತೋಡದೆ ಬಯಲಲ್ಲೇ ಮಲಗುವ, ಉದ್ದ ಕಿವಿಯ ಹೇರ್‌ಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಈ ಬರಹದಲ್ಲಿ ಮೊಲ ಎಂದಲ್ಲೆಲ್ಲ ಬಿಲದಲ್ಲಿರುವ ರ‍್ಯಾಬಿಟ್ ಎಂದೇ ಓದಿಕೊಳ್ಳಬೇಕು. ಫೆರೆಟ್ ನಾಯಿಯಲ್ಲವಾದ್ದರಿಂದ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಬಿಲ ಬ್ಯಾಜರ್ ಎಂಬ ಕಾಡುಪ್ರಾಣಿಯದಾಗಿದ್ದರೆ ಮಾತ್ರ ನಾಯಿಯಾಗಲಿ ಫೆರೆಟ್ ಆಗಲಿ ಅದರ ಹತ್ತಿರಕ್ಕೂ ಹೋಗಬಾರದು, ಏಕೆಂದರೆ 1992ರ ಬ್ಯಾಜರ್ ಸಂರಕ್ಷಣಾ ಕಾಯ್ದೆ ಪ್ರಾಣಿಯನ್ನಷ್ಟೇ ಅಲ್ಲದೆ ಅದರ ಬಿಲವನ್ನೂ ಕಾಯುತ್ತದೆ. ಸ್ಕಾಟ್ಲೆಂಡಿನಲ್ಲಿ 2023ರ ಹೊಸ ಕಾಯ್ದೆ ರ‍್ಯಾಬಿಟ್‌ಗಳನ್ನೂ ಕಾಡು ಸಸ್ತನಿಗಳ ಸಾಲಿಗೆ ಸೇರಿಸಿದೆ. ಇಲ್ಲಿ ನಾಯಿಗಳ ಬಗ್ಗೆ ಹೇಳಿದ್ದನ್ನು ಅಲ್ಲಿಗೆ ಹಾಗೆಯೇ ಒಯ್ಯಬಾರದು.

ಮೂರನೆಯದು ನಿಮ್ಮ ಮೈಕಟ್ಟು, ಸಮಯ ಮತ್ತು ಒಂಟಿತನ. ಈ ಕೆಲಸದಲ್ಲಿ ಹೆಣ್ಣಿಗೆ ಆಗದ್ದು ಏನೂ ಇಲ್ಲ. ಆದರೆ ಮೂವತ್ತು ಕಿಲೋ ತೂಗುವ ನಾಯಿ ಜಿಂಕೆಯನ್ನು ಕಂಡು ಹಠಾತ್ತನೆ ಎಳೆದಾಗ ಹಿಡಿದು ನಿಲ್ಲಿಸುವುದು, ಜೇಡಿಮಣ್ಣಿನಲ್ಲಿ ಎರಡು ಅಡಿ ಅಗೆಯುವುದು, ಫೋನಿನ ಸಿಗ್ನಲ್ ಸಿಗದ ಹೊಲದಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಿಲ್ಲುವುದು, ಇವುಗಳಲ್ಲಿ ಯಾವುದಕ್ಕೆ ಸಿದ್ಧ, ಯಾವುದಕ್ಕಿಲ್ಲ ಎಂದು ಮೊದಲೇ ಕೇಳಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಇನ್ನೊಂದನ್ನು ಗಮನಿಸಬೇಕು: ಚಳಿಗಾಲದ ಕೊನೆಯಿಂದ ವಸಂತದವರೆಗೆ ಕುರಿಗಳು ಮರಿ ಹಾಕುವ ಜಮೀನುಗಳಲ್ಲಿ ಟಾಕ್ಸೊಪ್ಲಾಸ್ಮೋಸಿಸ್‌ನಂಥ ಸೋಂಕುಗಳು ಗರ್ಭಕ್ಕೆ ಅಪಾಯ ತರುತ್ತವೆ, ಮತ್ತು ಮೊಲದ ಕೆಲಸದ ಒಳ್ಳೆಯ ತಿಂಗಳುಗಳಲ್ಲಿ ಕೆಲವು ಬೀಳುವುದೂ ಅದೇ ಅವಧಿಯಲ್ಲಿ.

ನಾಲ್ಕನೆಯದನ್ನು ನಮ್ಮವರು ಬಾಯಿಬಿಟ್ಟು ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಸಿಕ್ಕಿದ ಮೊಲವನ್ನು ಕ್ಷಣಮಾತ್ರದಲ್ಲಿ, ನೋವು ಉಳಿಯದಂತೆ, ಕತ್ತು ಮುರಿದು ಕೊಲ್ಲಬೇಕಾದುದು ನಿಮ್ಮ ಕೈಯೇ. ಅದನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು. ಮನೆಯಲ್ಲಿ ಮಾಂಸ ತರದ ಕುಟುಂಬದಿಂದ ಬಂದವರಿಗೆ ಇದು ಸಣ್ಣ ಮಾತಲ್ಲ. ಫ್ರಿಜ್ಜಿನಲ್ಲಿ ಸತ್ತ ಮೊಲ ಇರುವುದನ್ನು ಮನೆಯವರು ಒಪ್ಪದಿದ್ದರೆ ಕೆಳಗಿನ ಮೂರರಲ್ಲಿ ಒಂದು ಆಯ್ಕೆ ಆಗಲೇ ಬಿದ್ದುಹೋಗುತ್ತದೆ. ಹಣದ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ, ಏಕೆಂದರೆ ಇಲ್ಲಿ ಕೊಳ್ಳುವ ಬೆಲೆಗೂ ಸಾಕುವ ಖರ್ಚಿಗೂ ಸಂಬಂಧವೇ ಇಲ್ಲ.

ಫೆರೆಟ್

ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಬಹಳ ಹಿಂದೆಯೇ ಪಳಗಿಸಿದ್ದರಿಂದ ಬಂದದ್ದು ಫೆರೆಟ್. ಉದ್ದನೆಯ ಮೈ, ಗಿಡ್ಡ ಕಾಲು, ಬಿಲದಲ್ಲಿ ನುಸುಳುವ ಹುರುಪು ಇವೆಲ್ಲ ನಮ್ಮ ಮುಂಗುಸಿಯನ್ನು ನೆನಪಿಸುತ್ತವೆ. ಹೆಣ್ಣನ್ನು ಜಿಲ್ ಎಂದೂ ಗಂಡನ್ನು ಹಾಬ್ ಎಂದೂ ಕರೆಯುತ್ತಾರೆ. ಜಿಲ್ ಒಂದು ಕಿಲೋ ಮೀರುವುದು ಅಪರೂಪ; ಹಾಬ್ ಅದರ ಸುಮಾರು ಎರಡರಷ್ಟು ತೂಗಬಹುದು.

ಕೆಲಸ ನಡೆಯುವುದು ಹೀಗೆ. ಬಿಲದ ಬಾಯಿಗಳನ್ನೆಲ್ಲ ಸದ್ದಿಲ್ಲದೆ ಹುಡುಕಿ, ಒಂದೊಂದಕ್ಕೂ ಪರ್ಸ್ ನೆಟ್ ಎಂಬ ಚೀಲದಾಕಾರದ ಬಲೆ ಹಾಸಿ ಗೂಟ ಹೊಡೆದು, ಫೆರೆಟ್‌ನ ಕೊರಳಿಗೆ ಸಂಕೇತ ಕಳಿಸುವ ಪಟ್ಟಿ ಕಟ್ಟಿ ಒಳಗೆ ಬಿಡುತ್ತಾರೆ. ಮೊಲ ಹೆದರಿ ಹೊರಕ್ಕೆ ಧಾವಿಸಿ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಕೆಲವೊಮ್ಮೆ ಫೆರೆಟ್ ಒಳಗೇ ಮೊಲವನ್ನು ಕೊಂದು, ತಿಂದು, ಅಲ್ಲೇ ಮಲಗಿಬಿಡುತ್ತದೆ. ಆಗ ಶೋಧಕ ಯಂತ್ರದಿಂದ ಜಾಗ ಗುರುತಿಸಿ ಸಲಿಕೆಯಿಂದ ಅಗೆದು ತೆಗೆಯಬೇಕು. ಶ್ರಮದ ಭಾಗವೆಂದರೆ ಇದೊಂದೇ. ಉಳಿದದ್ದೆಲ್ಲ ಹಗಲು ಬೆಳಕಿನ, ನಿಶ್ಶಬ್ದದ, ತಾಳ್ಮೆಯ ಕೆಲಸ. ಒಂದು ಪೆಟ್ಟಿಗೆ, ಒಂದು ಚೀಲ ಬಲೆ, ಒಂದು ಸಲಿಕೆ ಇಷ್ಟನ್ನು ಹೊತ್ತು ಒಬ್ಬಳೇ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳಬಹುದು. ಒಂಟಿಯಾಗಿ ಆರಂಭಿಸುವ ಹೆಣ್ಣಿಗೆ ಮೂರರಲ್ಲಿ ಇದೇ ಮೊದಲ ಮೆಟ್ಟಿಲಾಗಬೇಕೆಂದು ನಾನು ಹೇಳುವುದು ಈ ಕಾರಣಕ್ಕಾಗಿಯೇ. ಗಿಡಗಂಟಿ ಒಣಗಿ ಬಿಲದ ಬಾಯಿಗಳು ಕಾಣುವ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಇದಕ್ಕೆ ಒಳ್ಳೆಯದು. ಆಮೇಲೆ ಬಿಲಗಳಲ್ಲಿ ಮೊಲದ ಮರಿಗಳಿರುತ್ತವೆ, ಫೆರೆಟ್ ಅವುಗಳ ಮೇಲೆ ಬಿದ್ದು ಹೊರಗೆ ಬರುವುದೇ ಇಲ್ಲ.

ಇನ್ನು ದೇಹಧರ್ಮದ ಮಾತು. ಹಗಲು ದೀರ್ಘವಾಗತೊಡಗಿದಂತೆ ವಸಂತದಲ್ಲಿ ಜಿಲ್ ಬೆದೆಗೆ ಬರುತ್ತದೆ, ಮತ್ತು ಗಂಡಿನೊಡನೆ ಕೂಡುವವರೆಗೆ ಅದು ಬೆದೆಯಿಂದ ಇಳಿಯುವುದಿಲ್ಲ, ಏಕೆಂದರೆ ಕೂಡಿದಾಗ ಮಾತ್ರ ಅದರ ಅಂಡಾಣು ಬಿಡುಗಡೆಯಾಗುತ್ತದೆ. ಹಾಗೆಯೇ ಬಿಟ್ಟರೆ ವಾರಗಟ್ಟಲೆ ಏರಿದ ಈಸ್ಟ್ರೋಜನ್ ಅಸ್ಥಿಮಜ್ಜೆಯನ್ನು ಕುಗ್ಗಿಸಿ, ತೀವ್ರ ರಕ್ತಹೀನತೆಯಿಂದ ಜಿಲ್ ಸಾಯಬಹುದು. ಪರಿಹಾರಗಳು ಹಲವು. ವ್ಯಾಸೆಕ್ಟಮಿ ಮಾಡಿಸಿದ ಹಾಬ್ ಒಂದನ್ನು ಇಟ್ಟುಕೊಂಡರೆ ಮರಿಯಿಲ್ಲದೆ ಬೆದೆ ಇಳಿಯುತ್ತದೆ, ಆದರೆ ಒಂದೇ ಋತುವಿನಲ್ಲಿ ಮತ್ತೆ ಮತ್ತೆ ಕೂಡಿಸಬೇಕಾಗುತ್ತದೆ. ವೈದ್ಯರು ಕೊಡುವ ಹಾರ್ಮೋನ್ ಚುಚ್ಚುಮದ್ದು ಒಂದು ದಾರಿ, ಚರ್ಮದಡಿ ಇಡುವ ಡೆಸ್ಲೋರೆಲಿನ್ ಇಂಪ್ಲಾಂಟ್ ಇನ್ನೊಂದು. ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶ, ಅಂಡಾಶಯ ತೆಗೆಸುವುದೂ ಉಂಟು, ಆದರೆ ಫೆರೆಟ್‌ಗಳಲ್ಲಿ ಅದಕ್ಕೂ ಮುಂದೆ ಬರುವ ಅಡ್ರಿನಲ್ ಗ್ರಂಥಿಯ ರೋಗಕ್ಕೂ ನಂಟಿದೆಯಾದ್ದರಿಂದ ಅನೇಕ ವೈದ್ಯರು ಇಂಪ್ಲಾಂಟ್ ಕಡೆಗೇ ಒಲವು ತೋರುತ್ತಾರೆ. ಒಂದೆರಡು ಪ್ರಾಣಿಗಳನ್ನಷ್ಟೇ ಸಾಕುವವರಿಗೆ ನನ್ನ ಸಲಹೆಯೂ ಅದೇ. ಎಲ್ಲ ಪಶುವೈದ್ಯರೂ ಫೆರೆಟ್ ನೋಡುವುದಿಲ್ಲ. ಪ್ರಾಣಿ ತರುವ ಮುನ್ನ ಹತ್ತಿರದ ಆಸ್ಪತ್ರೆಗೆ ಕರೆ ಮಾಡಿ ಕೇಳಿಕೊಳ್ಳಬೇಕು.

ಫೆರೆಟ್ ಶುದ್ಧ ಮಾಂಸಾಹಾರಿ. ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲಿ ಕರುಳು ದಾಟುವುದರಿಂದ ಬ್ರೆಡ್ಡು ಹಾಲು ಹಾಕುವ ಹಳೆಯ ರೂಢಿ ಅದಕ್ಕೆ ಅನ್ಯಾಯವೇ ಸರಿ. ಇಡೀ ಮೊಲ, ಕೋಳಿಮರಿ, ಇಲ್ಲವೇ ಫೆರೆಟ್‌ಗೆಂದೇ ಮಾಡಿದ ಒಣ ಆಹಾರ ಬೇಕು. ಅಡುಗೆಮನೆಗೆ ಮಾಂಸ ಸೇರಿಸದವರು ಶೆಡ್ಡಿನಲ್ಲಿ ಬೇರೆ ಫ್ರೀಜರ್ ಇಟ್ಟುಕೊಳ್ಳಬಹುದು. ಅದೂ ಒಗ್ಗದಿದ್ದರೆ ಫೆರೆಟ್ ಆಸೆ ಬಿಡುವುದು ಮೇಲು. ಮೂವತ್ತು ಡಿಗ್ರಿಯ ಸೆಕೆಯಲ್ಲಿ ಅದು ಬಿಸಿಲಾಘಾತಕ್ಕೆ ತುತ್ತಾಗುತ್ತದೆ, ನಮ್ಮ ಫ್ಲೂ ಅದಕ್ಕೆ ಅಂಟುತ್ತದೆ, ನಾಯಿಗಳ ಡಿಸ್ಟೆಂಪರ್ ತಗಲಿದರೆ ಉಳಿಯುವುದು ಕಷ್ಟ. ವಾಸನೆ ಇದ್ದೇ ಇರುತ್ತದೆ. ಪುಟ್ಟ ಮಕ್ಕಳಿರುವ ಮನೆಯೊಳಗೆ ಸಡಿಲ ಬಿಡಬಾರದು, ತೊಟ್ಟಿಲ ಮಗುವಿನ ಬಳಿಯಂತೂ ಎಂದಿಗೂ ಸಲ್ಲದು.

ಟೆರಿಯರ್

ಸಮಸ್ಯೆ ಇಲಿಯದಾದರೆ ಚರ್ಚೆ ಹೆಚ್ಚು ಬೇಕಿಲ್ಲ: ಟೆರಿಯರ್ ತನ್ನಿ. ಇಲಿಗೆ ಫೆರೆಟ್ ಬಿಡುವವರೂ ಇದ್ದಾರೆ, ಆದರೆ ದೊಡ್ಡ ಇಲಿ ತಿರುಗಿ ಕಚ್ಚಿ ಪುಟ್ಟ ಜಿಲ್‌ನ ಮುಖ ಹರಿಯುತ್ತದೆ. ಲರ್ಚರ್‌ಗೆ ಕೊಟ್ಟಿಗೆಯ ಮೂಲೆಯಲ್ಲಿ ಓಡಲು ಜಾಗವೇ ಇಲ್ಲ. ಟೆರಿಯರ್ ಹಿಡಿದು, ಒಮ್ಮೆ ಕೊಡವಿ, ಬಿಟ್ಟು, ಮುಂದಿನದಕ್ಕೆ ಹಾರುತ್ತದೆ.

ತಳಿಗಳಲ್ಲಿ ನಾಲ್ಕನ್ನಾದರೂ ತಿಳಿದಿರಬೇಕು. ಡೆವನ್ನಿನ ಪಾದ್ರಿ ಜಾನ್ ರಸೆಲ್ ಅವರ (1795-1883) ಹೆಸರು ಹೊತ್ತ ಜ್ಯಾಕ್ ರಸೆಲ್ ಚುರುಕು, ಗದ್ದಲ, ಎಲ್ಲೆಡೆ ಸಿಗುತ್ತದೆ. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಟೆರಿಯರ್ ಆರೇಳು ಕಿಲೋದ ಒಳಗೆ ನಿಲ್ಲುತ್ತದೆ, ಇತರ ನಾಯಿಗಳೊಡನೆ ಹೊಂದಿಕೊಳ್ಳುತ್ತದೆ, ಮನೆಗೂ ಹೊರಗೂ ಒಪ್ಪುತ್ತದೆ; ಮೊದಲ ಟೆರಿಯರ್ ಆಗಿ ನಾನು ಸೂಚಿಸುವುದು ಇದನ್ನೇ. ಕಂಬ್ರಿಯಾದ ಪ್ಯಾಟರ್‌ಡೇಲ್ ಕೆಲಸದಲ್ಲಿ ಕಡುಹಠದ್ದು. ಅನುಭವವಿಲ್ಲದವರ ಕೈಗೆ ಅದು ಅತಿಯಾಯಿತು. ನಾರ್ತಂಬರ್‌ಲ್ಯಾಂಡಿನ ಬೆಡ್ಲಿಂಗ್ಟನ್ ಟೆರಿಯರ್ ಆಗಿ ದುಡಿಯುವುದಕ್ಕಿಂತ ಲರ್ಚರ್‌ಗಳ ತಾಯಿ ಅಥವಾ ತಂದೆಯಾಗಿ ಇಂದು ಹೆಚ್ಚು ಕಾಣಿಸುತ್ತದೆ. ಬಾಲ ಕತ್ತರಿಸಿದ ಮರಿ ಕೊಳ್ಳುವಾಗ ಪಶುವೈದ್ಯರ ಪ್ರಮಾಣಪತ್ರ ಕೇಳಿ. ಇಂಗ್ಲೆಂಡಿನಲ್ಲಿ ಕೆಲಸದ ಟೆರಿಯರ್‌ಗಳಿಗೆ, ಹುಟ್ಟಿದ ಐದು ದಿನಗಳೊಳಗೆ, ವೈದ್ಯರಿಂದ ಮಾತ್ರ ಅದನ್ನು ಮಾಡಿಸಲು ಅವಕಾಶವಿದೆ.

ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ. ಕೋಳಿಗೂಡು, ಕುದುರೆಲಾಯ, ಮೇವಿನ ಕೋಣೆ ಇವೆಲ್ಲ ಮನೆಗೆ ಹತ್ತಿರ, ದೀಪದ ಬೆಳಕಿನಲ್ಲಿ, ಅನೇಕ ಕಡೆ ಇನ್ನೊಬ್ಬ ಹೆಂಗಸಿನ ಉಸ್ತುವಾರಿಯಲ್ಲೇ ಇರುವಂಥವು. ಒಪ್ಪಿಗೆ ಕೇಳಲು ಸಂಕೋಚವೂ ಕಡಿಮೆ. ಅನನುಕೂಲವೆಂದರೆ ಇಲಿಯ ಕೆಲಸ ಒಬ್ಬರದಲ್ಲ: ಹಲಗೆ ಎತ್ತಲು ಒಬ್ಬರು, ನಾಯಿ ನೋಡಿಕೊಳ್ಳಲು ಒಬ್ಬರು, ಎರಡು ಮೂರು ನಾಯಿಗಳು ಇದ್ದರೇ ಅದು ಸರಿಯಾಗಿ ಸಾಗುತ್ತದೆ. ಹೋಗುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇಲ್ಲಿ ಇಲಿಪಾಷಾಣ ಇಟ್ಟಿದ್ದಾರೆಯೇ? ರಕ್ತ ಹೆಪ್ಪುಗಟ್ಟದಂತೆ ಮಾಡುವ ಆ ವಿಷವನ್ನು ತಿಂದ ಇಲಿಯನ್ನು ನಾಯಿ ನುಂಗಿದರೆ ವಿಷ ನಾಯಿಗೂ ಏರಬಹುದು, ಲಕ್ಷಣಗಳು ದಿನಗಳ ನಂತರ ಕಾಣಿಸುತ್ತವೆ. ಇಟ್ಟಿದ್ದರೆ ಆ ಜಾಗ ಬೇಡ. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ನಮ್ಮ ಕಡೆ ಇಲಿಜ್ವರವೆನ್ನುವುದು, ನಾಯಿಗೂ ನಮಗೂ ಬರುತ್ತದೆ. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ, ನಮಗೆ ಗ್ಲೌಸು, ಕೈಯಲ್ಲಿ ಗಾಯವಿದ್ದರೆ ಆ ದಿನ ರಜೆ.

ಮನೆಯೊಳಗೆ ಟೆರಿಯರ್ ಕಷ್ಟ ಎಂದೆನಲ್ಲ: ಅದು ಬೊಗಳುತ್ತದೆ, ತೋಟ ಅಗೆಯುತ್ತದೆ, ಪಕ್ಕದ ಮನೆಯ ಬೆಕ್ಕನ್ನು ಅಟ್ಟುತ್ತದೆ, ಹೊರಗೆ ಕೆಲಸವಿಲ್ಲದ ವಾರದಲ್ಲಿ ಸೋಫಾದಲ್ಲೇ ಇಲಿ ಹುಡುಕುತ್ತದೆ. ದಿನವಿಡೀ ಕಚೇರಿಯಲ್ಲಿದ್ದು ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ವಾಸಿಸುವವರು ಇದನ್ನು ಯೋಚಿಸಬೇಕು. ನೆಲದಡಿ ಟೆರಿಯರ್ ಬಿಡುವ ಕೆಲಸವನ್ನು ಕಾಯ್ದೆ ಬಹಳ ಬಿಗಿಯಾದ ಷರತ್ತುಗಳಿಗೆ ಕಟ್ಟಿಹಾಕಿದೆ. ಹವ್ಯಾಸಿಗಳು ಅತ್ತ ತಲೆಹಾಕದಿರುವುದೇ ಸರಿ.

ಲರ್ಚರ್

ಲರ್ಚರ್ ಒಂದು ತಳಿಯಲ್ಲ, ಒಂದು ಬಗೆ. ಗ್ರೇಹೌಂಡ್, ವಿಪ್ಪೆಟ್, ಸಲೂಕಿ, ಡೀರ್‌ಹೌಂಡ್ ಮೊದಲಾದ, ಕಣ್ಣಿನಿಂದ ಬೇಟೆ ಹಿಡಿದು ಓಡುವ ನಾಯಿಗಳಿಗೆ ಕೋಲಿ ಅಥವಾ ಟೆರಿಯರ್ ರಕ್ತ ಬೆರೆಸಿ, ವೇಗಕ್ಕೆ ಬುದ್ಧಿಯನ್ನೂ ಗಟ್ಟಿತನವನ್ನೂ ಕೂಡಿಸಿದ್ದು. ನಮ್ಮ ಮುಧೋಳ ನಾಯಿಯೂ ಆ ಕಣ್ಣಿನ ಬೇಟೆಯ ಬಳಗದ್ದೇ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇರ್ ಜಾತಿಯದೇ ಆದ ನಮ್ಮ ಬಯಲುಸೀಮೆಯ ಮೊಲಕ್ಕೂ ರಕ್ಷಣೆ ಕೊಟ್ಟಿರುವುದರಿಂದ, ಬಾಗಲಕೋಟೆಯ ಕಡೆ ಜಮೀನಿರುವವರು ಈ ಬರಹವನ್ನು ಅಲ್ಲಿಗೆ ಮಾದರಿಯಾಗಿ ತೆಗೆದುಕೊಳ್ಳಬಾರದು.

ಗಾತ್ರವೇ ಇಲ್ಲಿ ಮುಖ್ಯ ಆಯ್ಕೆ. ಬೆಡ್ಲಿಂಗ್ಟನ್-ವಿಪ್ಪೆಟ್ ಬೆರಕೆ ಹನ್ನೆರಡರಿಂದ ಹದಿನೈದು ಕಿಲೋದ ಆಸುಪಾಸಿನಲ್ಲಿರುತ್ತದೆ, ರೋಮ ಒರಟಾಗಿರುವುದರಿಂದ ಚಳಿ ಮತ್ತು ಮುಳ್ಳು ತಡೆಯುತ್ತದೆ, ಬೇಲಿಯಂಚಿನಲ್ಲಿ ಚೆನ್ನಾಗಿ ತಿರುಗುತ್ತದೆ, ಕಾರಿಗೆ ಎತ್ತಿ ಹಾಕಲೂ ಆಗುತ್ತದೆ. ಗಾಯಗೊಂಡ ನಾಯಿಯನ್ನು ಎರಡು ಹೊಲ ದಾಟಿ ಹೊತ್ತು ತರಬೇಕಾದವಳು ನೀವೊಬ್ಬಳೇ ಆಗಿದ್ದರೆ ಈ ತೂಕದ ಲೆಕ್ಕ ಸಣ್ಣದಲ್ಲ. ಕೋಲಿ-ಗ್ರೇಹೌಂಡ್ ಇಪ್ಪತ್ತೈದು ಕಿಲೋ ದಾಟಬಹುದು. ಹೇಳಿದ್ದನ್ನು ಬೇಗ ಕಲಿಯುತ್ತದೆ, ಬಯಲಿನಲ್ಲಿ ಹೆಚ್ಚು ದೂರ ಓಡುತ್ತದೆ, ಆದರೆ ಅದಕ್ಕೆ ತಕ್ಕ ವಿಸ್ತಾರವಾದ ನೆಲ ಬೇಕು. ಡೀರ್‌ಹೌಂಡ್ ಬೆರಕೆಗಳು ಮೊಲಕ್ಕೆ ಅನಗತ್ಯವಾಗಿ ದೊಡ್ಡವು.

ಮನೆಯಲ್ಲಿ ಲರ್ಚರ್ ದಿನದ ಬಹುಪಾಲು ಮಲಗಿರುತ್ತದೆ, ಬೊಗಳುವುದು ಕಡಿಮೆ. ಕಷ್ಟ ಆರಂಭವಾಗುವುದು ಹಗ್ಗ ಬಿಚ್ಚಿದ ಕ್ಷಣದಿಂದ. ಓಡತೊಡಗಿದ ಲರ್ಚರ್‌ಗೆ ಕರೆ ಕೇಳಿಸುವುದಿಲ್ಲ. ಮುಳ್ಳುತಂತಿಗೆ ಸಿಕ್ಕಿದರೆ ತೆಳು ಚರ್ಮ ಕಾಗದದಂತೆ ಸೀಳುತ್ತದೆ. ಕುರಿಯ ಹಿಂದೆ ಹೋದರೆ ಜಾನುವಾರುಗಳನ್ನು ನಾಯಿಗಳಿಂದ ಕಾಯುವ 1953ರ ಕಾಯ್ದೆಯಡಿ ನೀವು ಅಪರಾಧಿ, ಮತ್ತು ಕೆಲವು ಸಂದರ್ಭಗಳಲ್ಲಿ ರೈತ ಅದನ್ನು ಗುಂಡಿಟ್ಟು ಕೊಂದರೂ ಕಾನೂನು ಅವನ ಪರ ನಿಲ್ಲಬಹುದು. ಆದ್ದರಿಂದ ಮರಿಯಾಗಿದ್ದಾಗಿನಿಂದಲೇ ಕುರಿ, ದನ, ಕೋಳಿಗಳ ನಡುವೆ ಹಗ್ಗದಲ್ಲಿ ನಡೆಸಿ ಪಳಗಿಸಬೇಕು, ವರ್ಷ ತುಂಬುವವರೆಗೆ ಗಂಭೀರ ಓಟಕ್ಕೆ ಬಿಡಬಾರದು.

ಕತ್ತಲ ಗಾಳಿ ರಾತ್ರಿಗಳಲ್ಲಿ ಪ್ರಖರ ದೀಪ ಹಿಡಿದು ಬಯಲಲ್ಲಿ ಮೇಯುವ ಮೊಲಕ್ಕೆ ಲರ್ಚರ್ ಬಿಡುವುದನ್ನು ಲ್ಯಾಂಪಿಂಗ್ ಎನ್ನುತ್ತಾರೆ. ಒಬ್ಬಳೇ ಹೋಗುವವರಿಗೆ ಇದನ್ನು ನಾನು ಸೂಚಿಸಲಾರೆ. ಕಾರಣ ಅಂಜಿಕೆಯದಲ್ಲ, ಲೆಕ್ಕಾಚಾರದ್ದು. ಹೇರ್‌ಗಳ ಅಕ್ರಮ ಬೇಟೆ ಮಾಡುವ ಗುಂಪುಗಳು ಬಳಸುವುದೂ ಇದೇ ನಾಯಿಗಳನ್ನು. ಅವರು ಒಳ್ಳೆಯ ಲರ್ಚರ್ ಕಂಡರೆ ಕದಿಯುತ್ತಾರೆ, ಮತ್ತು ಅವರನ್ನು ಹುಡುಕುವ ಪೊಲೀಸರು ನಿಮ್ಮನ್ನೂ ನಿಲ್ಲಿಸುತ್ತಾರೆ. ಹೇರ್ ಹಿಂದೆ ಹೋಗುವ ಉದ್ದೇಶದಿಂದ ಪರರ ನೆಲ ಹೊಕ್ಕರೆ, ಅದಕ್ಕೆಂದು ಸಜ್ಜಾಗಿ ಹೊರಟರೂ, 2022ರ ಪೊಲೀಸ್ ಮತ್ತು ಅಪರಾಧ ಕಾಯ್ದೆ ಕಠಿಣವಾಗಿ ನೋಡುತ್ತದೆ. ನೆಲದವರ ಲಿಖಿತ ಒಪ್ಪಿಗೆ ಜೇಬಿನಲ್ಲಿರಲಿ, ಜಮೀನಿನ ಗಡಿಯ ನಕ್ಷೆಯೂ ಇರಲಿ. ಹಳ್ಳಿಯಲ್ಲಿ ಮುಖಪರಿಚಯವಿಲ್ಲದ ನಮ್ಮಂಥವರಿಗೆ ಆ ಕಾಗದ ಹಗಲಿನಲ್ಲೂ ಬೇಕಾಗುತ್ತದೆ. ಜೊತೆಗಾರರಿದ್ದು, ನಾಲ್ಕಾರು ಹೊಲಗಳ ಒಪ್ಪಿಗೆಯಿದ್ದು, ಎಲ್ಲಿಗೆ ಹೋಗುತ್ತಿದ್ದೇನೆಂದು ಮನೆಯಲ್ಲಿ ಹೇಳಿ ಹೊರಡುವುದಾದರೆ ಮಾತು ಬೇರೆ.

ಲರ್ಚರ್‌ನ ನಿಜವಾದ ಬೆಲೆ ತಿಳಿಯುವುದು ಫೆರೆಟ್ ಜೊತೆ ಸೇರಿದಾಗ. ಯಾವ ಬಿಲದಲ್ಲಿ ಮೊಲವಿದೆಯೆಂದು ಮೂಗಿನಿಂದ ತೋರಿಸುತ್ತದೆ, ಬಲೆ ತಪ್ಪಿಸಿಕೊಂಡದ್ದನ್ನು ಹಿಡಿದು ಜೀವಂತ ತಂದುಕೊಡುತ್ತದೆ. ಆದರೆ ಫೆರೆಟ್‌ಗಳನ್ನು ಕಂಡೇ ಬೆಳೆದ ಮರಿ ಮಾತ್ರ ಅವುಗಳನ್ನು ಮುಟ್ಟುವುದಿಲ್ಲ. ದೊಡ್ಡದಾದ ಮೇಲೆ ಮನೆಗೆ ಬಂದ ನಾಯಿ ಫೆರೆಟ್ಟನ್ನೂ ಬೇಟೆಯೆಂದೇ ಎಣಿಸಬಹುದು. ಫೆರೆಟ್ ಮೊದಲು, ಲರ್ಚರ್ ಮರಿ ಆಮೇಲೆ ಎಂಬ ಕ್ರಮವನ್ನು ನಾನು ಒತ್ತಿ ಹೇಳುವುದು ಇದಕ್ಕೇ.

ಹಣ ಮತ್ತು ನಿರ್ಧಾರ

ಕೊಳ್ಳುವಾಗ ಫೆರೆಟ್ ಅಗ್ಗ, ಒಳ್ಳೆಯ ಸಾಲಿನ ಟೆರಿಯರ್ ಮರಿ ದುಬಾರಿ, ಲರ್ಚರ್‌ಗಳು ಪ್ರಾಣಿರಕ್ಷಣಾ ಕೇಂದ್ರಗಳಲ್ಲಿ ಸಣ್ಣ ಶುಲ್ಕಕ್ಕೇ ಸಿಗುತ್ತವೆ. ಸಾಕುವಾಗ ಲೆಕ್ಕ ತಿರುಗುತ್ತದೆ. ಫೆರೆಟ್‌ನ ಬೆಲೆಗಿಂತ ಅದರ ಇಂಪ್ಲಾಂಟ್, ಶೋಧಕ ಯಂತ್ರ, ಬಲೆಗಳೇ ಹೆಚ್ಚಿನವು. ಲರ್ಚರ್‌ನ ಹೊಲಿಗೆಯ ಬಿಲ್ಲುಗಳು ವಿಮೆಯಿಲ್ಲದವರನ್ನು ಕಂಗೆಡಿಸುತ್ತವೆ. ಗ್ರೇಹೌಂಡ್ ರಕ್ತದ ನಾಯಿಗಳು ಕೆಲವು ಅರಿವಳಿಕೆ ಔಷಧಗಳಿಂದ ನಿಧಾನವಾಗಿ ಚೇತರಿಸಿಕೊಳ್ಳುತ್ತವೆಯಾದ್ದರಿಂದ ವೈದ್ಯರಿಗೆ ನಾಯಿಯ ಬೆರಕೆಯನ್ನು ಮೊದಲೇ ತಿಳಿಸಬೇಕು. ನಾಯಿ ಯಾವುದೇ ಆಗಲಿ ಮೈಕ್ರೋಚಿಪ್ ಕಡ್ಡಾಯ. ಪರರ ಜಮೀನಿನಲ್ಲಿ ಕೆಲಸ ಮಾಡುವವರಿಗೆ ಮೂರನೆಯವರ ಹಾನಿಗೆ ಪರಿಹಾರ ಕೊಡುವ ವಿಮೆಯೂ ಬೇಕು. ಬ್ರಿಟನ್ನಿನ ಬೇಟೆಗಾರರ ಸಂಘವಾದ ಬಿಎಎಸ್‌ಸಿಯ ಸದಸ್ಯತ್ವದಲ್ಲಿ ಅದು ಸೇರಿಯೇ ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು? ಹಿತ್ತಿಲ ಇಲಿಗಷ್ಟೇ ಆದರೆ ಒಂದು ಬಾರ್ಡರ್ ಟೆರಿಯರ್ ಸಾಕು. ಬೇಲಿಯಂಚಿನಲ್ಲಿ ಬಿಲಗಳಿದ್ದು, ವಾರಾಂತ್ಯದ ಬೆಳಗುಗಳಷ್ಟೇ ಬಿಡುವಿದ್ದು, ಒಬ್ಬಳೇ ಹೋಗುವುದಾದರೆ ಎರಡು ಜಿಲ್‌ಗಳು. ಮೂರು ನಾಲ್ಕು ಜಮೀನುಗಳ ಒಪ್ಪಿಗೆ ಕೈಯಲ್ಲಿದ್ದು ದಿನಕ್ಕೆರಡು ಬಾರಿ ನಡೆಸುವ ಸಮಯವೂ ಇದ್ದರೆ, ಆ ಜಿಲ್‌ಗಳ ಮೇಲೆ ಒಂದು ಬೆಡ್ಲಿಂಗ್ಟನ್-ವಿಪ್ಪೆಟ್ ಮರಿ. ಲರ್ಚರ್‌ನ ಚೆಲುವಷ್ಟೇ ಬೇಕು, ರಕ್ತ ಬೇಡ ಎನ್ನುವವರು ಕೆಲಸದ ಆಲೋಚನೆಯನ್ನೇ ಬದಿಗಿಟ್ಟು ಓಟದಿಂದ ನಿವೃತ್ತವಾದ ಗ್ರೇಹೌಂಡ್ ಒಂದನ್ನು ತಂದುಕೊಂಡರೆ ಅದಕ್ಕೂ ನೆಲೆ ಸಿಕ್ಕಿತು, ನಿಮಗೂ ಒಗ್ಗಿತು. ಮಾಂಸ ಮುಟ್ಟದ ಮನೆಗಳಿಗೆ ನನ್ನ ಮೊದಲ ಮಾತು ಇದೇ ಆಗಿರುತ್ತದೆ.

ಕೊಳ್ಳುವುದಕ್ಕೂ ಒಂದು ಕಾಲವಿದೆ. ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ನಡೆಯುವ ಲರ್ಚರ್-ಟೆರಿಯರ್ ಪ್ರದರ್ಶನಗಳಿಗೆ ಹೋದರೆ ಬೆಳೆದ ನಾಯಿಗಳನ್ನೂ ಅವುಗಳ ತಂದೆತಾಯಿಗಳನ್ನೂ ಒಟ್ಟಿಗೆ ನೋಡಬಹುದು, ಈ ಕೆಲಸ ಮಾಡುವ ಬೇರೆ ಹೆಂಗಸರ ಪರಿಚಯವೂ ಆದೀತು. ಫೆರೆಟ್ ಮರಿಗಳು ಹೆಚ್ಚಾಗಿ ಬೇಸಿಗೆಯ ಮೊದಲಲ್ಲಿ ಹುಟ್ಟಿ, ಜುಲೈ-ಆಗಸ್ಟ್ ಹೊತ್ತಿಗೆ ಮನೆ ಹುಡುಕುತ್ತಿರುತ್ತವೆ. ಆಗ ತಂದು ದಿನವೂ ಕೈಯಲ್ಲಿ ಆಡಿಸಿ ಕಚ್ಚದಂತೆ ರೂಢಿಸಿದರೆ ನವೆಂಬರ್ ವೇಳೆಗೆ ಬಿಲಕ್ಕೆ ಬಿಡಲು ಸಿದ್ಧವಾಗುತ್ತವೆ. ಜನವರಿ ಮುಗಿಯುವುದರೊಳಗೆ ವೈದ್ಯರಲ್ಲಿ ಇಂಪ್ಲಾಂಟ್‌ಗೆ ದಿನ ಗೊತ್ತುಮಾಡಿಕೊಳ್ಳಿ, ಏಕೆಂದರೆ ಬೆದೆಯ ಕಾಲ ಮಾರ್ಚ್‌ಗೆಲ್ಲ ಬಂದುಬಿಡುತ್ತದೆ.